ಸಂತ ಜೋಸೆಫರ ಎಡೆ

ಯೇಸು, ಮರಿಯ, ಜೋಸೆಫ್

ಸ್ಟೇಶನ್ ಬಜಾರ, ಕಲಬುರ್ಗಿ
೨೦ನೆಯ ಮಾರ್ಚ್ ೧೯೧೨, ಬುಧವಾರ, ಮಧ್ಯಾಹ್ನ

ಪ್ರೀತಿಯ ಮಗಳು ಮಾರ್ತಳಿಗೆ,

ನಿನ್ನ ಮೈ ಹೇಗಿದೆ, ಕೂಸು ಹೇಗಿದೆ, ಮೊದಲು ಅದನ್ನು ಬರೆ. ಕೂಸಿಗೆ ಹಲ್ಲು ಮೂಡುವ ಹೊತ್ತಿನ ಜ್ವರ ಬಂದಿದೆಯೆಂದು ಹೋದ ಕಾಗದದಲ್ಲಿ ನೀನು ತಿಳಿಸಿದ್ದೆ. ಇಳಿಯಿತೇ? ಇಳಿಯದಿದ್ದರೆ ಅದು ಹಲ್ಲಿನ ಜ್ವರವೇ ಸರಿ ಎಂದು ನೀನಾಗಿಯೇ ತೀರ್ಮಾನಿಸಿ ಸುಮ್ಮನಿರಬೇಡ. ಕಂಕುಳನ್ನೂ ತೊಡೆಯ ಸಂದನ್ನೂ ದಿನಕ್ಕೆರಡು ಸಲ ಬೆರಳಿನಿಂದ ಒತ್ತಿ, ಗಂಟು ಎದ್ದಿದೆಯೇ ನೋಡು. ನಿನ್ನ ಗಂಡ ಚೌರಪ್ಪ ಹುಮನಾಬಾದಿನ ಸಡಕಿನ ಕೆಲಸದಿಂದ ಮರಳಿದನೇ? ಮರಳಿದ್ದರೆ ಹದಿನೈದು ದಿನ ಮನೆಯಲ್ಲಿಯೇ ಇರಲು ಹೇಳು, ಅವನ ಮಾವ ಹೇಳಿದನೆಂದು ಹೇಳು. ನಾನು ಆರೋಗ್ಯವಾಗಿದ್ದೇನೆ. ಈ ವಾಕ್ಯವನ್ನು ಬರೆಯುವ ಮೊದಲು ನನ್ನ ಕಂಕುಳನ್ನೇ ನಾಲ್ಕು ಸಲ ಮುಟ್ಟಿ ನೋಡಿಕೊಂಡೆನೆಂಬುದನ್ನು ಮುಚ್ಚಿಡುವುದಿಲ್ಲ.

ಪ್ಲೇಗು ಹೊಕ್ಕು ಊರಿನ ಸ್ಥಿತಿ ಒಳ್ಳೆಯದಿಲ್ಲ. ನಮ್ಮ ಓಣಿಯೊಂದರಲ್ಲಿಯೇ ಈ ವಾರ ಮೂವರು ಹೋದರು. ಪಕ್ಕದ ಮನೆಯ ಗುಂಡಣ್ಣನ ಅಡುಗೆಮನೆಯಲ್ಲಿ ಇಲಿ ಸತ್ತು ಬಿದ್ದದ್ದು ಗುರುವಾರ. ಸೋಮವಾರ ಅವನ ತಾಯಿ ತೀರಿಕೊಂಡಳು. ಜಗತ್ ಪೇಟೆಯ ಕಡೆಯ ಅಂಗಡಿಯವರು ಅರ್ಧ ಬಾಗಿಲು ತೆರೆದು, ಗಿರಾಕಿಯ ಮುಖವನ್ನು ನೋಡಿ ಉಳಿದರ್ಧವನ್ನು ತೆರೆಯಬೇಕೋ ಬೇಡವೋ ಎಂದು ಯೋಚಿಸುತ್ತಾರೆ. ಶರಣಬಸವೇಶ್ವರ ಗುಡಿಯ ಆಚೆಯ ಹೊಲಗಳಲ್ಲಿ ಚಾಪೆಯ ಜೋಪಡಿಗಳು ಎದ್ದಿವೆ. ಸರ್ಕಾರದ ಹುಕುಮಿನ ಪ್ರಕಾರ ಶುಕ್ರವಾರದೊಳಗೆ ನಮ್ಮ ಓಣಿ ಖಾಲಿಯಾಗಬೇಕು. ನಾನು ಇಂದು ಸಂಜೆಯೇ ಅಲ್ಲಿಗೆ ಹೋಗುತ್ತೇನೆ. ರೈಲ್ವೆಯ ಗೂಡ್ಸ್ ಕಚೇರಿಯಲ್ಲಿ ರಜೆಯ ಅರ್ಜಿ ಕೊಟ್ಟಾಗಿದೆ. ಮೂವತ್ತು ವರ್ಷದ ಚಾಕರಿಯಲ್ಲಿ ನಾನು ಕೇಳಿದ ಮೂರನೆಯ ರಜೆ ಇದು. ಮೊದಲನೆಯದು ನಿನ್ನ ತಾಯಿಗಾಗಿ, ಎರಡನೆಯದು ನಿನ್ನ ತಮ್ಮನಿಗಾಗಿ.

ಇನ್ನು ವಿಷಯಕ್ಕೆ ಬರುತ್ತೇನೆ. ಬಳೆ ಮಾರುವ ಮಸ್ತಾನಬಿ ಸಡಕಿನಲ್ಲಿ ಕಾವಲಿನ ನಾಕಾ ಕೂಡುವ ಮೊದಲು ಕಮಲಾಪುರಕ್ಕೆ ಬಂದು ನಿನ್ನ ಕೈಗೆ ಬಳೆ ಇಟ್ಟು ಹೋದಳಷ್ಟೆ. ಭಾನುವಾರ ನಮ್ಮ ಬಾಗಿಲಿಗೆ ಬಂದವಳು ಬುಟ್ಟಿ ತುಂಬ ಸಂತೋಷ ಹೊತ್ತು ತಂದವಳ ಹಾಗೆ ಹೇಳಿದಳು: “ನಿಮ್ಮ ಮಗಳು ಭಾಳ ದಿಲ್‌ದಾರ್ ಅದಾಳ್ರೀ ಸಾಬ್. ‘ಈ ಸಲ ನನ್ನ ತಮ್ಮನ ಹೆಸರಿಲೆ ಎಂಟ ದಿನ ಎಡೀ ಇಡ್ತೀನಿ, ದಾರಿಗಿ ಹೋಗೋರು ಯಾರ ಬಂದ್ರೂ ಕೂಡಿಸಿ ಉಣಿಸ್ತೀನಿ’ ಅಂದಾಳ. ‘ಖಾಲಾ, ನೀನೂ ಬಾ’ ಅಂದಾಳ.” ಆಕೆ ಹೋದ ಮೇಲೆ ನಾನು ಬಾಗಿಲು ಹಾಕಿ ಕುರ್ಚಿಯಲ್ಲಿ ಕುಳಿತೆ. ಕಲಬುರ್ಗಿಯಿಂದ ಜೀವ ಉಳಿಸಿಕೊಳ್ಳಲು ಓಡುವವರೆಲ್ಲ ಹಿಡಿಯುವುದು ನಿನ್ನ ಮನೆಯ ಮುಂದಿನ ದಾರಿಯನ್ನೇ.

ನಮ್ಮ ಮನೆತನದ ಪದ್ಧತಿಯನ್ನು ನಿನಗೆ ತಿಳಿಸಿಕೊಡಬೇಕಾಗಿಲ್ಲ. ಆದರೂ ವಾದವನ್ನು ಬುಡದಿಂದ ಕಟ್ಟುವುದು ನನ್ನ ಹಳೆಯ ಚಾಳಿ, ಸಹಿಸಿಕೋ. ಮುದಗಲ್ಲಿನ ನಮ್ಮ ಹಿರಿಯರ ಮನೆಯಲ್ಲಿ ನಿನ್ನ ಮುತ್ತಜ್ಜನ ಕಾಲದಿಂದ ಸಂತ ಜೋಸೆಫರ ಹಬ್ಬದಂದು, ಅಲ್ಲಿಂದ ಎಂಟು ದಿನದವರೆಗೆ, ಒಂದು ಎಡೆಯನ್ನು ಹೆಚ್ಚಿಗೆ ಬಡಿಸುವುದುಂಟು. ಮನೆಗಳ ಪಾಲಕ ಸಂತರು ಅವರು. ಒಳ್ಳೆಯ ಮರಣವನ್ನು ಬೇಡಿಕೊಳ್ಳುವುದೂ ಅವರನ್ನೇ. ಬಾಗಿಲಿಗೆ ಮೊದಲು ಬಂದ ದಾರಿಹೋಕನೇ ಆ ದಿನದ ಜೋಸೆಫ್. ಅವನು ಉಂಡು ಕೈ ತೊಳೆಯುವವರೆಗೆ ಹೆಸರು, ಜಾತಿ, ಊರು ಯಾವುದನ್ನೂ ಕೇಳಕೂಡದು. ಬೆತ್ಲೆಹೇಮಿನಲ್ಲಿ ತುಂಬು ಬಸುರಿ ಮರಿಯಮ್ಮನನ್ನು ಕರೆದುಕೊಂಡು ಜೋಸೆಫರು ಮನೆಮನೆ ಅಲೆದಾಗ ಪ್ರತಿ ಬಾಗಿಲಲ್ಲಿಯೂ ವಿಚಾರಣೆ ಮಾತ್ರ ನಡೆಯಿತು, ಜಾಗ ಸಿಗಲಿಲ್ಲ. ನಮ್ಮ ಬಾಗಿಲಲ್ಲಿ ಆ ವಿಚಾರಣೆ ನಡೆಯಬಾರದೆಂಬುದು ಮುತ್ತಜ್ಜನ ಕಟ್ಟಳೆ. ಮದರಾಸಿನ ಕಾಲೇಜಿನ ಚರ್ಚಾಸಭೆಯಲ್ಲಿ ನಾನು ಒಮ್ಮೆ ಈ ಕಟ್ಟಳೆಯನ್ನೇ ಸಮರ್ಥಿಸಿ ಮುಕ್ಕಾಲು ಗಂಟೆ ಮಾತಾಡಿದ್ದೆ. ಗೃಹಸ್ಥನ ಕ್ಷೇಮಕ್ಕಿಂತ ಅತಿಥಿಯ ಹಕ್ಕು ದೊಡ್ಡದೆಂದು ಸಾಧಿಸಿ ಗೆದ್ದಿದ್ದೆ. ನನ್ನ ಎದುರಾಳಿ ಒಬ್ಬ ತೊದಲುವ ಹುಡುಗ. ಪಾಪ, ‘ಆ ಮನೆಯಲ್ಲಿ ಮಕ್ಕಳಿದ್ದರೆ?’ ಎಂದು ಕೇಳಿ ಮುಂದೆ ಮಾತು ಹೊಳೆಯದೆ ನಿಂತುಬಿಟ್ಟಿದ್ದ. ಸಭೆ ನಕ್ಕಿತ್ತು. ನಾನೂ ನಕ್ಕಿದ್ದೆ.

ಹೋದ ವರ್ಷದ ಹಬ್ಬದಂದು ಬಂದವನು ಕಣ್ಣು ಕೆಂಪಾದ, ಗಡ್ಡ ಬೆಳೆದ ಒಬ್ಬ ಮನುಷ್ಯ. ಅವನ ಕಾಲಿಗೆ ನೀರು ಹಾಕಿದವನು ನಿನ್ನ ತಮ್ಮ ಜೋಜಪ್ಪ. ಹಬ್ಬವೂ ಅವನದೇ, ಸಂತ ಜೋಸೆಫರ ಹೆಸರೂ ಅವನದೇ, ಹತ್ತೊಂಬತ್ತು ತುಂಬಿತ್ತು. ಒಳಗೆ ಬಂದು ನನ್ನ ಕಿವಿಯಲ್ಲಿ, “ಅಪ್ಪಾ, ಅವರ ಮೈ ಕೆಂಡ ಆಗ್ಯದ. ಯಾವ ಊರಿಂದ ಬಂದಾರಂತ ಒಂದ ಮಾತ ಕೇಳಲೇನು?” ಎಂದ. “ಉಂಡು ಕೈ ತೊಳಿಯೂ ತನಕಾ ಏನೂ ಕೇಳಬಾರದು. ಸುಮ್ಮನ ಬಡಸು” ಎಂದು ಗದರಿಸಿದೆ. ಅವನು ಏನನ್ನೂ ವಿಚಾರಿಸಲಿಲ್ಲ. ಬಡಿಸಿದ. ಉಂಡ ಮೇಲೆ ಆ ಮನುಷ್ಯನ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡು ಸ್ಟೇಶನ್ನಿನವರೆಗೆ ನಡೆಸಿಕೊಂಡು ಹೋದ. ಆರನೆಯ ದಿನ ತಾನೇ ಮಲಗಿದ. ಒಂಬತ್ತನೆಯ ದಿನ ನಾನು, ನಮ್ಮ ಇಗರ್ಜಿಯ ಪಾದ್ರಿಸ್ವಾಮಿಗಳು, ಇಬ್ಬರು ಕೂಲಿಗಳು ಸೇರಿ ಅವನನ್ನು ಮಣ್ಣಿಗೆ ಕೊಟ್ಟು ಬಂದೆವು. ನೀನು ಮೂರು ತಿಂಗಳ ಬಸುರಿಯೆಂದು ನಿನ್ನನ್ನು ಬರಗೊಡಲಿಲ್ಲ. ಎಡೆಯ ಹಿತ್ತಾಳೆ ತಳಿಗೆಯನ್ನು ಅಂದೇ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಕ್ರಿಸ್ಮಸ್ಸಿಗೆ ಬಂದಾಗ ನೀನು ಬೀಗ ತೆಗೆದು ಅದನ್ನು ಸೀರೆಗಳ ನಡುವೆ ಸುತ್ತಿಕೊಂಡು ಹೋದೆ. ನನಗೆ ಗೊತ್ತಾಗಿತ್ತು, ನೋಡಿಯೂ ನೋಡದವನ ಹಾಗಿದ್ದೆ. ಹೊರಡುವಾಗ ಹೊಸ್ತಿಲಲ್ಲಿ ನಿಂತು, “ಅಪ್ಪಾ, ತಮ್ಮ ಸತ್ತದ್ದು ಬ್ಯಾನಿಲೆ. ಉಣಿಸಿದ್ದಕ್ಕ ಸತ್ತಿಲ್ಲ” ಎಂದೆಯಲ್ಲ, ಆ ಮಾತಿಗೆ ಮೂರು ತಿಂಗಳಿಂದ ಉತ್ತರ ಹೊಂದಿಸುತ್ತಿದ್ದೇನೆ. ನಿನಗೆ ಮಾರ್ತಾ ಎಂದು ಹೆಸರಿಟ್ಟವನು ನಾನೇ. ಬಂದವರಿಗೆ ಅಟ್ಟು ಬಡಿಸುವವರ ಪಾಲಕಿಯ ಹೆಸರನ್ನಿಟ್ಟು, ಬಡಿಸಬೇಡವೆಂದು ಹೇಳುವ ಸರದಿಯೂ ನನಗೇ ಬಂತು.

ಆ ಉತ್ತರವನ್ನು ಕಾಗದದಲ್ಲಿ ಕಳಿಸುವುದು ಸಾಲದೆಂದು ನಿನ್ನೆ ಹಬ್ಬದ ದಿನ ಬೆಳಗು ಹರಿಯುವ ಮೊದಲೇ ಖಾಜಾನ ಟಾಂಗಾ ಹತ್ತಿದೆ. ಹೌದು ಮಾರ್ತಾ, ನಿನ್ನೆ ನಾನು ಕಮಲಾಪುರಕ್ಕೆ ಬಂದಿದ್ದೆ. ತಳಿಗೆಯನ್ನು ಕಿತ್ತುಕೊಂಡು, ಬಾಗಿಲು ಹಾಕಿಸಿ, ನಿನ್ನಿಂದ ಆಣೆ ಪಡೆದು ಮರಳುವುದು ನನ್ನ ಉದ್ದೇಶ. ಆ ತೊದಲುವ ಹುಡುಗ ಅಂದು ಹೇಳಲಾಗದೆ ನುಂಗಿದ ವಾದವನ್ನೆಲ್ಲ ದಾರಿಯುದ್ದಕ್ಕೂ ನಾನೇ ಅವನ ಪರವಾಗಿ ಕಟ್ಟುತ್ತ ಬಂದೆ. ಊರು ಇನ್ನೊಂದು ಹರದಾರಿ ಇರುವಾಗ ಖಾಜಾ ಲಗಾಮು ಎಳೆದ. “ಸಾಬ್, ಮುಂದ ನಾಕಾದಾಗ ಬುರ್ಹಾನುದ್ದೀನ್ ಜಮಾದಾರ ಕುಂತಾನ. ಕಲಬುರ್ಗಿ ಅಂದ್ರ ಸಾಕು, ಹತ್ತ ದಿನ ಛಪ್ಪರದಾಗ ಕೂಡಸ್ತಾನ” ಎಂದ. ಹತ್ತು ದಿನ! ಅಷ್ಟರಲ್ಲಿ ನಿನ್ನ ಎಂಟು ದಿನದ ಎಡೆ ಮುಗಿದು ಹೋಗಿರುತ್ತದೆ. ನಾನು ಅಲ್ಲಿಯೇ ಇಳಿದು ಬಾಳೆತೋಟಗಳ ಬೇಲಿಯ ಕಡೆ ನಡೆದೆ. ಖಾಜಾ ಹಿಂದಿನಿಂದ, “ಕಾಯ್ದೆ ಅಂದ್ರ ಜೀವಾ ಬಿಡೋರು ನೀವು, ಈಗ ಬೇಲಿ ಜಿಗೀತೀರಿ? ಕ್ಯಾ ಬಾತ್ ಹೈ ಸಾಬ್!” ಎಂದು ನಕ್ಕ. ಕೋಟಿನ ತೋಳು ಮುಳ್ಳಿಗೆ ಸಿಕ್ಕು ಹರಿಯಿತು. ಜನ್ಮದಲ್ಲಿ ಮೊದಲ ಸಲ ಸರ್ಕಾರದ ಕಟ್ಟನ್ನು ಮುರಿದೆ. ಮುರಿದವನ ಎದೆ ಹೇಗೆ ಹೊಡೆದುಕೊಳ್ಳುತ್ತದೆಂಬುದೂ ತಿಳಿಯಿತು.

ಕೆಂಪು ಬಾಳೆಯ ತೋಟದ ನಡುವೆ ಒಂದು ಮನೆ. ಅಂಗಳದಲ್ಲಿ ಐವತ್ತು ದಾಟಿದ ಹೆಂಗಸೊಬ್ಬಳು ರೊಟ್ಟಿಯ ಬುಟ್ಟಿಯನ್ನು ಮುಂದಿಟ್ಟುಕೊಂಡು ಸಡಕಿನ ಕಡೆ ನೋಡುತ್ತ ಕುಳಿತಿದ್ದಳು. ದುಂಡಮ್ಮನೆಂದು ಹೆಸರು. ನನ್ನನ್ನು ಕಂಡವಳೇ ಎದ್ದು ಅಡ್ಡ ಬಂದಳು. “ಯಪ್ಪಾ, ನಿಂದರ್ರಿ! ದಾರಿ ನಡದು ಬಂದವರೇನ್ರೀ? ನಮ್ಮ ಊರವರಲ್ಲ, ಹೌದಿಲ್ಲೋ?” ನಾನು ತಲೆಯಾಡಿಸಿದೆ. “ಶರಣಬಸಪ್ಪ ಕಣ್ಣ ತೆರದು ನೋಡಿದ! ದಾರಿಗಿ ಬಂದ ಒಬ್ಬರಿಗಿ ಉಣಿಸದ ನಾ ಉಣ್ಣಂಗಿಲ್ರೀ. ಲಗ್ನಾಗಿ ಬಂದಾಗಿಂದ ನಡಸ್ಕೊಂಡ ಬಂದೀನಿ. ಆ ನಾಕಾದವರು ದಾರಿ ಕಟ್ಟ್ಯಾರ, ಎರಡ ದಿನ ಆತು ಒಂದ ನರಪಿಳ್ಳಿ ಬಂದಿಲ್ಲ. ಬರೇ ಮಜ್ಜಿಗಿ ಕುಡದು ಕುಂತೀನಿ.” ಬಾವಿಯ ಕಡೆಯಿಂದ ಅವಳ ಗಂಡ ಅಮೋಘಪ್ಪ, “ಬಂದನೇನ ನಿನ್ನ ಶಿವ? ಇನ್ನರ ಸಿಟ್ಟ ಇಳಿಸಿ ನನಗೊಂದ ಬಿಸಿ ರೊಟ್ಟಿ ಹಾಕು!” ಎಂದು ಕೂಗಿದ. “ಬಂದಾನ, ಬಂದಾನ! ಮಾರಿ ಮಾತ್ರ ಗಂಟ ಹಾಕ್ಕೊಂಡ ಬಂದಾನ!” ಎಂದು ಈಕೆ ಕೂಗಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ನಾನು ಹೇಳಲು ಬಾಯಿ ತೆರೆದೆ. ಇದನ್ನು ನೀನು ನಂಬಬೇಕು. “ತಾಯೀ, ನಾ ಬಂದದ್ದು” ಎನ್ನುವಷ್ಟರಲ್ಲಿ ಆಕೆ ನೀರಿನ ಚಂಬನ್ನು ಕೈಗಿಟ್ಟು, “ಊರು ಕೇರಿ ಆಮ್ಯಾಲ ಹೇಳ್ರಿ. ಮೊದಲ ಕೈ ತೊಳೀರಿ” ಎಂದಳು. ನಮ್ಮ ಮುತ್ತಜ್ಜನ ಕಟ್ಟಳೆ ಲಿಂಗವಂತರ ಅಂಗಳದಲ್ಲಿ ಆ ಹೆಂಗಸಿನ ಬಾಯಿಂದ ನನ್ನೆದುರು ಬಂದು ನಿಂತಿತು. ನಾನು ಕೈ ತೊಳೆದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದಳು. ಅವಳ ಮಗಳ ಮಗಳು ಮಲ್ಕಮ್ಮ, ನಾಲ್ಕು ವರ್ಷದ್ದು, ನನ್ನ ಮೊಣಕಾಲಿಗೆ ಒತ್ತಿ ಕುಳಿತು ನನ್ನ ತಳಿಗೆಯಿಂದಲೇ ಹಿಂಡಿಯನ್ನು ಬೆರಳಿನಿಂದ ನೆಕ್ಕತೊಡಗಿತು. ದೂರ ಕೂಡ್ರು ಎಂದು ನಾನು ಹೇಳಲಿಲ್ಲ. ಹೇಳಿದರೆ ಏಕೆಂದು ಕೇಳುತ್ತಾರೆ. ಕೇಳಿದರೆ ನಾಕಾಕ್ಕೆ ಕಳಿಸುತ್ತಾರೆ. ನಾಕಾಕ್ಕೆ ಹೋದರೆ ನಿನ್ನ ಬಾಗಿಲು ಮುಟ್ಟುವುದಿಲ್ಲ. ಇದಿಷ್ಟೂ ಒಂದು ತುತ್ತು ನುಂಗುವಷ್ಟರಲ್ಲಿ ನನ್ನ ತಲೆಯಲ್ಲಿ ನಡೆದುಹೋಯಿತು. ಉಂಡು ಕೈ ತೊಳೆದ ಮೇಲೆ ಆಕೆ, “ಈಗ ಹೇಳ್ರಿ, ಯಾವ ಊರಿನವರು?” ಎಂದಳು. ನಾನು, “ಮುದಗಲ್ಲಿನವ” ಎಂದೆ.

ಅದರಲ್ಲಿ ಸುಳ್ಳಿಲ್ಲ. ನಾನು ಹುಟ್ಟಿದ ಊರು ಅದೇ. ಕಾಲೇಜಿನಲ್ಲಿ ಇಂಥ ಉತ್ತರಗಳಿಗೆ ಚಪ್ಪಾಳೆ ಬೀಳುತ್ತಿತ್ತು. ದುಂಡಮ್ಮನ ಮುಖ ಅರಳಿತು. “ಭಾಳ ದೂರದವರು, ಹಂಗಾರ ಹೆದರಿಕಿ ಇಲ್ಲ ಬಿಡ್ರಿ. ನಾಕಾ ಅದ ಅಂತ ಧೈರ್ಯಾ ಮಾಡಿ ಕರದೆ. ಕಲಬುರ್ಗಿಯವರ ಆಗಿದ್ರ ಈ ಕೂಸಿನ ಸಲುವಾಗಿ ಬೇಲಿ ಹೊರಗ ನಿಂದ್ರಿಸಿ ಕೊಡ್ತಿದ್ದೆ, ಖರೆ ಹೇಳ್ತೀನಿ” ಎಂದು ತನಗೂ ಒಂದು ರೊಟ್ಟಿ ಮುರಿದುಕೊಂಡಳು. ಎರಡು ದಿನ ಹಸಿದವಳು ನನ್ನೆದುರು ಉಂಡಳು. ನಾನು ನೋಡುತ್ತ ಕುಳಿತಿದ್ದೆ. ಹೋದ ವರ್ಷ ಬಂದವನನ್ನು ಇಡೀ ಒಂದು ವರ್ಷ ಕೊಲೆಗಾರನೆಂದು ಕರೆದಿದ್ದೇನೆ, ಪಾಪನಿವೇದನೆಯಲ್ಲಿ ಕೂಡ ಆ ಶಬ್ದವನ್ನು ಬಿಡಲಿಲ್ಲ. ಅವನಿಗೆ ಹಸಿವಾದರೂ ಇತ್ತು, ಜ್ವರವಿತ್ತು. ಯಾರೂ ಅವನನ್ನು ಏನೂ ಕೇಳಲಿಲ್ಲ. ನನ್ನನ್ನು ಕೇಳಿದರು.

ಅಲ್ಲಿಂದ ನಿನ್ನ ಓಣಿಗೆ ಬಂದೆ. ಹುಣಸೆಮರದ ಮರೆಯಿಂದ ನಿನ್ನ ಬಾಗಿಲು ಕಂಡಿತು. ಕಟ್ಟೆಯ ಮೇಲೆ ಹಿತ್ತಾಳೆ ತಳಿಗೆ, ಅದರ ಮೇಲೆ ನೀನು ಬಾಳೆಲೆ ಮುಚ್ಚಿದ್ದೆ. ಕೂಸನ್ನು ಬಗಲಲ್ಲಿಟ್ಟುಕೊಂಡು ದಾರಿ ನೋಡುತ್ತ ನಿಂತಿದ್ದೆ. ಕೂಸು ನಿನ್ನ ಸೆರಗನ್ನು ಬಾಯಲ್ಲಿಟ್ಟು ಜಗ್ಗುತ್ತಿತ್ತು. ಇನ್ನಿಪ್ಪತ್ತು ಹೆಜ್ಜೆ ಇತ್ತು. ಆ ಇಪ್ಪತ್ತು ಹೆಜ್ಜೆ ನಡೆದರೆ ನಾನು ಯಾರು? ರೋಗದ ಊರಿನಿಂದ ಬಂದು, ಕಾವಲು ತಪ್ಪಿಸಿ, ಎಳೆಗೂಸಿರುವ ಮನೆಗೆ ಕಾಲಿಡುವ ಅತಿಥಿ. ನಾನು ತಡೆಯಲು ಬಂದದ್ದು ಯಾರನ್ನು? ರುಮಾಲಿನ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ತಿರುಗಿದೆ. ನೀನು ನನ್ನ ಬೆನ್ನನ್ನು ಕಂಡೆ. “ಯಪ್ಪಾ, ಹಂಗ ಹೋಗಬ್ಯಾಡ್ರಿ! ಎಡೀ ಬಡಿಸೀನಿ, ನೀರರ ಕುಡದು ಹೋಗ್ರಿ!” ಎಂದು ಕೂಗಿದೆ. ನಿನ್ನೆ ಮಧ್ಯಾಹ್ನ ನೀನು ಕರೆದರೂ ತಿರುಗಿ ನೋಡದೆ ಹೋದ ಆ ಮನುಷ್ಯ ನಾನು. ಇನ್ನೊಂದು ಸಲ ಕರೆದಿದ್ದರೆ ಬಂದುಬಿಡುತ್ತಿದ್ದೆನೇನೋ. ಆದಕಾರಣ ಓಡಿದೆ, ಈ ವಯಸ್ಸಿನಲ್ಲಿ, ಹರಿದ ಕೋಟಿನಲ್ಲಿ. ರೋಗಿಗಳ ಸೇವೆ ಮಾಡುತ್ತ ತಾವೇ ಪ್ಲೇಗು ಹತ್ತಿಸಿಕೊಂಡ ಸಂತ ರೋಕರು ಯಾರ ಬಾಗಿಲನ್ನೂ ತಟ್ಟದೆ ಕಾಡಿಗೆ ಹೋಗಿ ಮಲಗಿದರಂತೆ, ನಾಯಿಯೊಂದು ಅವರಿಗೆ ರೊಟ್ಟಿ ತಂದು ಕೊಡುತ್ತಿತ್ತಂತೆ. ನಾವು ಹುಡುಗರು ಆ ನಾಯಿಯ ವಿಷಯವನ್ನೇ ಹಿಡಿದುಕೊಂಡು ನಗುತ್ತಿದ್ದೆವು; ಆ ಮನುಷ್ಯ ಕಾಡಿಗೆ ಏಕೆ ಹೋದನೆಂದು ಒಬ್ಬನೂ ಕೇಳಿರಲಿಲ್ಲ.

ಕಾದು ನಿಂತಿದ್ದ ಖಾಜಾನ ಟಾಂಗಾ ಹತ್ತಿ, ರಾತ್ರಿ ಮಹಾಗಾಂವದ ಹತ್ತಿರ ಕುದುರೆಗೆ ವಿಶ್ರಾಂತಿ ಕೊಟ್ಟು ಇಂದು ಹೊತ್ತೇರಿದ ಮೇಲೆ ಮನೆ ಸೇರಿದೆ. ಎಡೆಯನ್ನು ನಿಲ್ಲಿಸು ಎಂದು ಆಜ್ಞೆ ಬರೆಯಲು ಲೆಕ್ಕಣಿಕೆ ಹಿಡಿದವನು ಇಲ್ಲಿಯವರೆಗೆ ಬಂದು ನಿಂತಿದ್ದೇನೆ. ನಿಲ್ಲಿಸು ಎನ್ನಲು ನನಗೆ ಬಾಯಿಲ್ಲ, ನಿನ್ನೆ ಉಂಡ ಬಾಯಿ ಅದು. ನಡೆಸು ಎನ್ನಲು ಎದೆಯಿಲ್ಲ. ಆದಕಾರಣ ಮನೆಯ ಹಿರಿಯನಾಗಿ ಮುತ್ತಜ್ಜನ ಕಟ್ಟಳೆಯನ್ನು ತಿದ್ದುತ್ತಿದ್ದೇನೆ. ಎಡೆ ಇಡು, ಆದರೆ ಕೇಳಿ ಇಡು. ನೀರು ಕೊಡುವ ಮೊದಲೇ ಕೇಳು. ಯಾವ ಊರಿನವರೆಂದು ಕೇಳಬೇಡ, ಅದಕ್ಕೆ ನನ್ನಂಥವರ ಹತ್ತಿರ ಉತ್ತರವಿರುತ್ತದೆ. ಹಿಂದಿನ ನಾಲ್ಕು ರಾತ್ರಿ ಎಲ್ಲಿ ಮಲಗಿದ್ದಿರಿ ಎಂದು ಕೇಳು. ಏನು ಹೇಳಿದರೂ ಉಣಿಸದೆ ಕಳಿಸಬೇಡ. ಮರದಡಿಯಲ್ಲಿ, ಎಲೆಯ ಮೇಲೆ ಬಡಿಸಿ, ದೂರ ಸರಿದು ನಿಲ್ಲು, ಕೂಸು ಒಳಗಿರಲಿ, ಎಲೆಯನ್ನು ಸುಡು. ಜೋಜಪ್ಪ ಇಷ್ಟನ್ನೇ ಕೇಳಬೇಕೆಂದಿದ್ದ. ಸುಳ್ಳು ಹೇಳುವವನು ಆಗಲೂ ಸುಳ್ಳು ಹೇಳಬಹುದು. ಅದಕ್ಕೆ ನನ್ನಲ್ಲಿ ಪ್ರತಿವಾದವಿಲ್ಲ, ಹೆದರಿಕೆ ಮಾತ್ರ ಇದೆ. ಆ ತೋಟದ ಮನೆಯವರಿಗಾಗಿ ಜಪಸರ ಹಿಡಿದು ಕುಳಿತರೆ ಬೆರಳು ಎರಡನೆಯ ಮಣಿಗೆ ಹೋಗುವುದಿಲ್ಲ.

ನಿನ್ನನ್ನೂ ಕೂಸನ್ನೂ ಚೌರಪ್ಪನನ್ನೂ ಸಂತ ಜೋಸೆಫರ ಮರೆಯಲ್ಲಿ ಇಟ್ಟಿದ್ದೇನೆ. ಕೂಸಿನ ಹಣೆಯ ಮೇಲೆ ನನ್ನ ಪರವಾಗಿ ಶಿಲುಬೆಯ ಗುರುತು ಹಾಕು. ಈ ಕಾಗದಕ್ಕೆ ಗಂಧಕದ ಹೊಗೆ ಕೊಟ್ಟು ನಾಳಿನ ಟಪಾಲಿಗೆ ಹಾಕುತ್ತೇನೆ. ಆದರೂ ಓದಿದ ಮೇಲೆ ಕೈ ತೊಳೆದುಕೋ.

ನೀನು ಕರೆದರೂ ಬಾರದೆ ಹೋದ ತಂದೆ,
ಇನ್ನಾಸಪ್ಪ

ತಾ.ಕ.: ಟಪಾಲಿಗೆ ಕಾಯುವಂತಿಲ್ಲ. ಖಾಜಾ ತನ್ನ ತಮ್ಮನ ಕುದುರೆ ಕಟ್ಟಿಕೊಂಡು ಈಗಲೇ ಹೊರಡುತ್ತಿದ್ದಾನೆ. ನಾಕಾ ದಾಟದೆ ಕಾವಲಿನವರ ಕೈಲಿ ಇದನ್ನು ನಿನಗೆ ಮುಟ್ಟಿಸಿ, ನಿನ್ನ ಉತ್ತರಕ್ಕೆ ಅಲ್ಲಿಯೇ ಕಾಯುತ್ತಾನೆ. ಜೋಪಡಿಗೆ ಸಾಮಾನು ಕಟ್ಟಲೆಂದು ಮೂಲೆಯ ಪೆಟ್ಟಿಗೆಯನ್ನು ಸರಿಸಿದೆ. ಹಿಂದೆ ಎರಡು ಇಲಿ ಸತ್ತು ಬಿದ್ದಿವೆ. ಒಂದು ಆಗಲೇ ಒಣಗಿದೆ, ನಾಲ್ಕು ದಿನದ್ದಿರಬೇಕು. ಆ ಪೆಟ್ಟಿಗೆಯ ಮೇಲಿನಿಂದಲೇ ನಿನ್ನೆ ಬೆಳಗ್ಗೆ ನನ್ನ ಕರಿಕಂಬಳಿಯನ್ನು ಎತ್ತಿಕೊಂಡು ಹೊರಟಿದ್ದೆ. ಮೇಲೆ ಬರೆದದ್ದರಲ್ಲಿ ಕಂಬಳಿಯ ಮಾತನ್ನು ಬಿಟ್ಟೆ, ನಾಚಿಕೆಯಿಂದ ಬಿಟ್ಟೆ. ದುಂಡಮ್ಮನ ಅಂಗಳದಲ್ಲಿ ಅದನ್ನೇ ಹಾಸಿ ಕುಳಿತಿದ್ದೆ. ಮಲ್ಕಮ್ಮ ಅದರ ಮೇಲೆಯೇ ನಿದ್ದೆ ಹೋಯಿತು. “ಎಬ್ಬಸಬ್ಯಾಡ್ರಿ, ತಿರುಗಿ ಬರಾಗ ಒಯ್ರಿ” ಎಂದಳು ಅಜ್ಜಿ. ಎಬ್ಬಿಸದೆ ಬಂದೆ. ಕಂಬಳಿ ಈಗಲೂ ಅಲ್ಲಿಯೇ ಇದೆ. ಚೌರಪ್ಪನಿದ್ದರೆ ಅವನನ್ನು ಕೂಡಲೇ ಅಲ್ಲಿಗೆ ಕಳಿಸು; ಇಲ್ಲದಿದ್ದರೆ ಕೂಸನ್ನು ನೆರೆಯವರಲ್ಲಿ ಬಿಟ್ಟು ನೀನೇ ಹೋಗು. ನಾಕಾ ಬರುವ ಮೊದಲೇ, ನಿಮ್ಮ ಊರಿನ ಕಡೆಗೆ, ಸಡಕಿನ ಎಡಕ್ಕೆ, ಅಮೋಘಪ್ಪನ ಬಾಳೆತೋಟವೆಂದರೆ ತೋರಿಸುತ್ತಾರೆ. ಬೇಲಿಯ ಹೊರಗೇ ನಿಂತು ಕೂಗು, ಒಳಗೆ ಹೋಗಬೇಡ. ಇಲಿಯ ಚಿಗಟ ಹತ್ತಿರಬಹುದು, ಕಂಬಳಿಯನ್ನು ಅವರು ಕೈಯಿಂದ ಮುಟ್ಟದೆ ಕೋಲಿನಿಂದ ಎಳೆದು ಸುಡಲಿ. ಮನೆ ಬಿಟ್ಟು ಹೊಲದಲ್ಲಿರಲಿ. ಜಮಾದಾರ ಬುರ್ಹಾನುದ್ದೀನನಿಗೆ ನನ್ನ ತಪ್ಪನ್ನು ಒಪ್ಪಿ ಉರ್ದುವಿನಲ್ಲಿ ಬೇರೆ ಚೀಟಿ ಬರೆದಿದ್ದೇನೆ, ಡಾಕ್ಟರನನ್ನು ಕಳಿಸಲು ಕೇಳಿದ್ದೇನೆ. ಉಂಡು ಹೋದವನು ಕಲಬುರ್ಗಿಯ ಸ್ಟೇಶನ್ ಬಜಾರದವನೆಂದು ದುಂಡಮ್ಮನಿಗೆ ಹೇಳು, ಅವನು ನಿನ್ನ ತಂದೆಯೆಂದೂ ಹೇಳು. ಬೈದರೆ ಬೈಸಿಕೊಂಡು ನಿಲ್ಲು, ಆದರೆ ಮಲ್ಕಮ್ಮನ ಮೈ ಬಿಸಿಯಿದೆಯೋ ಇಲ್ಲವೋ ಎಂಬುದನ್ನು ಕೇಳದೆ ಬರಬೇಡ, ಅದನ್ನೊಂದೇ ಬರೆದು ಇದೇ ಟಾಂಗಾದಲ್ಲಿ ಕಳಿಸು.